ಅಲ್ಲಾಡದೆ ನಿಂತದ್ದರ ಒಳಗಿನ ಗದ್ದಲ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಒಂದು ಪುಟಾಣಿ ಟಿಪ್ಪಣಿ ಪುಸ್ತಕವಿದೆ. ಉದ್ದ 92 ಮಿಲಿಮೀಟರ್, ಅಗಲ 63. ಕಿಸೆಗೆ ಹಾಕಿಕೊಂಡರೆ ಇದೆಯೋ ಬಿದ್ದುಹೋಯಿತೋ ಎಂದು ಆಗಾಗ ಮುಟ್ಟಿ ನೋಡಿಕೊಳ್ಳಬೇಕು, ಅಷ್ಟು ಸಣ್ಣದು. ಬರೆದವನು ಲಿಯೊನಾರ್ಡೊ ಡಾ ವಿಂಚಿ. ಅದರ ಒಂದು ಪುಟದಲ್ಲಿ ಮುದುಕಿಯೊಬ್ಬಳ ಚಿತ್ರವಿದೆ. ಕಲೆ ಬಲ್ಲವರೆಲ್ಲ ಆಕೆಯ ಮುಖವನ್ನೇ ನೋಡುತ್ತ ಕೂತರು. ಆಕೆಯ ಕೆಳಗೆ ಕೆಂಪು ಸೀಮೆಸುಣ್ಣದಲ್ಲಿ ಗೀಚಿದ ಚೌಕಗಳು, ದಾರ, ರಾಟೆ ಯಾರಿಗೂ ಬೇಡವಾಗಿದ್ದವು. 1920ರ ದಶಕದಲ್ಲಿ ಮ್ಯೂಸಿಯಂನ ನಿರ್ದೇಶಕರೇ ಅವನ್ನು ಲೆಕ್ಕಕ್ಕಿಲ್ಲದ ಗೀಚುಗಳೆಂದು ತಳ್ಳಿಹಾಕಿದ್ದರು. 2016ರಲ್ಲಿ ಕೇಂಬ್ರಿಜ್‌ನ ಇಂಜಿನಿಯರಿಂಗ್ ಪ್ರಾಧ್ಯಾಪಕ ಇಯನ್ ಹಚಿಂಗ್ಸ್ ಅವರ ಕಣ್ಣು ಮುದುಕಿಯನ್ನು ದಾಟಿ ಕೆಳಗಿಳಿಯಿತು. ಅಲ್ಲಿದ್ದದ್ದು ಏನು ಗೊತ್ತೆ? ಸಾಲಾಗಿ ಇಟ್ಟ ಮರದ ತುಂಡುಗಳು, ಅವಕ್ಕೆ ಕಟ್ಟಿದ ದಾರ, ದಾರ ಹಾದುಹೋಗುವ ರಾಟೆ, ಅದರಾಚೆ ತೂಗುವ ತೂಕ. ಇಂಜಿನಿಯರಿಂಗ್ ಮೊದಲ ವರ್ಷದ ಮೆಕ್ಯಾನಿಕ್ಸ್ ಪುಸ್ತಕದಲ್ಲಿ ಘರ್ಷಣೆಯ ಅಧ್ಯಾಯ ತೆರೆಯಿರಿ, ಮೊದಲ ಲೆಕ್ಕದ ಪಕ್ಕದಲ್ಲಿ ಇದೇ ಚಿತ್ರ ಕಾಣುತ್ತದೆ. ಪುಟ ಬರೆದ ವರ್ಷ 1493!

ಆ ಗೀಚುಗಳಲ್ಲಿ ಅಡಗಿದ್ದ ಮಾತು ಇನ್ನೂ ವಿಚಿತ್ರ. ಒಂದು ಇಟ್ಟಿಗೆಯನ್ನು ನೆಲದ ಮೇಲೆ ಮಲಗಿಸಿ ಎಳೆಯಿರಿ. ಆಮೇಲೆ ಅದನ್ನೇ ಪಕ್ಕಕ್ಕೆ ನಿಲ್ಲಿಸಿ ಎಳೆಯಿರಿ. ಮಲಗಿದಾಗ ನೆಲಕ್ಕೆ ತಾಗುವ ಮೈ ಹೆಚ್ಚು, ನಿಂತಾಗ ಕಡಿಮೆ. ಹಾಗಾದರೆ ಮಲಗಿದ ಇಟ್ಟಿಗೆ ಹೆಚ್ಚು ಹಟ ಮಾಡಬೇಕಲ್ಲವೆ? ಮಾಡುವುದಿಲ್ಲ. ಎರಡಕ್ಕೂ ಬೇಕಾದ ಎಳೆತ ಒಂದೇ. ಘರ್ಷಣೆ ಕೇಳುವುದು ತೂಕವನ್ನು ಮಾತ್ರ, ತಾಗಿದ ಮೈಯ ವಿಸ್ತಾರವನ್ನಲ್ಲ. ಲಿಯೊನಾರ್ಡೊ ಇದನ್ನು ಕಂಡುಕೊಂಡ, ಯಾರಿಗೂ ಹೇಳದೆ ಪುಸ್ತಕ ಮುಚ್ಚಿಟ್ಟ. ಇನ್ನೂರು ವರ್ಷ ಕಳೆದ ಮೇಲೆ, 1699ರಲ್ಲಿ, ಫ್ರಾನ್ಸಿನ ಗಿಯೋಮ್ ಅಮೊಂತೋ ಅದನ್ನೇ ಮತ್ತೆ ಮೊದಲಿನಿಂದ ಕಂಡುಹಿಡಿಯಬೇಕಾಯಿತು. ಚಿಕ್ಕಂದಿನಲ್ಲೇ ಕಿವಿ ಕೇಳದಾಗಿದ್ದ ಈತ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಈ ಮಾತಿಟ್ಟಾಗ ಅಲ್ಲಿದ್ದವರಿಗೆ ನಂಬಿಕೆ ಬರಲಿಲ್ಲ.

ನಂಬಿಸಿದವನು ಇನ್ನೊಬ್ಬ. ಪಿಯುಸಿಯಲ್ಲಿ ವಿದ್ಯುತ್ತಿನ ಪಾಠದಲ್ಲಿ ನಮ್ಮನ್ನೆಲ್ಲ ಕಾಡಿದ ಕೂಲಂಬ್ ನೆನಪಿದ್ದಾನಲ್ಲ, ಅದೇ ಚಾರ್ಲ್ಸ್ ಕೂಲಂಬ್! ಆತ ವೃತ್ತಿಯಲ್ಲಿ ಸೈನ್ಯದ ಇಂಜಿನಿಯರ್, ಮಾರ್ಟಿನೀಕ್ ದ್ವೀಪದಲ್ಲಿ ವರ್ಷಗಟ್ಟಲೆ ಕೋಟೆ ಕಟ್ಟಿಸಿ ಆರೋಗ್ಯ ಕೆಡಿಸಿಕೊಂಡು ಬಂದವನು. 1779ರಿಂದ ರೋಶ್‌ಫೋರ್‌ನ ಹಡಗುಕಟ್ಟೆಯಲ್ಲಿ ಕೂತು ಮರದ ಮೇಲೆ ಮರ, ಕಬ್ಬಿಣದ ಮೇಲೆ ಮರ, ಎಣ್ಣೆ ಹಚ್ಚಿ, ಹಚ್ಚದೆ, ಹೀಗೆ ಎಳೆದು ಎಳೆದು ನೋಡಿದ. ಅಕಾಡೆಮಿಯ ಬಹುಮಾನ 1781ರಲ್ಲಿ ಬಂತು, ಬರಹ 1785ರಲ್ಲಿ ಅಚ್ಚಾಯಿತು. ನಿಯಮವೇನೋ ಗಟ್ಟಿಯಾಯಿತು. ಆದರೆ ಯಾಕೆ ಹಾಗೆ? ಆ ಉತ್ತರಕ್ಕೆ ಇಪ್ಪತ್ತನೆಯ ಶತಮಾನದ ನಡುವಿನ ತನಕ ಕಾಯಬೇಕಾಯಿತು. ಎಷ್ಟೇ ನುಣುಪು ಮಾಡಿದರೂ ಮೈ ತುಂಬ ಉಬ್ಬುತಗ್ಗು ಇದ್ದೇ ಇರುತ್ತದೆ. ಎರಡು ಮೈಗಳು ನಿಜವಾಗಿ ಮುಟ್ಟಿಕೊಳ್ಳುವುದು ಆ ಉಬ್ಬುಗಳ ತುದಿಯಲ್ಲಿ ಮಾತ್ರ. ತೂಕ ಬಿದ್ದಷ್ಟೂ ತುದಿಗಳು ಚಪ್ಪಟೆಯಾಗಿ ನಿಜವಾದ ಸ್ಪರ್ಶ ಹೆಚ್ಚುತ್ತದೆ. ಇಟ್ಟಿಗೆ ಮಲಗಿದರೆ ತಾಗುವ ತುದಿಗಳು ಹೆಚ್ಚು, ಆದರೆ ಒಂದೊಂದೂ ಕಡಿಮೆ ಚಪ್ಪಟೆ. ನಿಂತರೆ ತುದಿಗಳು ಕಡಿಮೆ, ಒಂದೊಂದೂ ಹೆಚ್ಚು ಚಪ್ಪಟೆ. ಒಟ್ಟು ಲೆಕ್ಕ ಅಲ್ಲಿಂದಲ್ಲಿಗೆ! ಕೇಂಬ್ರಿಜ್‌ನ ಬೌಡೆನ್ ಮತ್ತು ಟೇಬರ್ ಬಿಡಿಸಿದ ಒಗಟಿದು.

ಐದು ಶತಮಾನಗಳ ಈ ಕಥೆ ಮೊದಲ ವರ್ಷದ ಹುಡುಗನಿಗೆ ಹೇಗೆ ಸಿಗುತ್ತದೆ? ಊಟದ ನಂತರದ ಪಿರಿಯಡ್ಡಿನಲ್ಲಿ, ಕಪ್ಪುಹಲಗೆಯ ಮೇಲೆ, ಒಂದೇ ಸಾಲಿನಲ್ಲಿ: ಘರ್ಷಣೆ ಎಂದರೆ ಮ್ಯೂ ಗುಣಿಸು ನಾರ್ಮಲ್ ರಿಯಾಕ್ಷನ್. ಬರೆದುಕೊಳ್ಳಿ, ಮುಂದಿನ ಲೆಕ್ಕ. ಇದಕ್ಕಿಂತ ದೊಡ್ಡ ಅನ್ಯಾಯ ಪಠ್ಯಕ್ರಮದಲ್ಲಿ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಸಿವಿಲ್ ಓದುವವರಾಗಲಿ, ಕಂಪ್ಯೂಟರ್ ಸೈನ್ಸ್ ಓದುವವರಾಗಲಿ, ಎಲ್ಲರ ಬಾಯಲ್ಲೂ ಮೆಕ್ಯಾನಿಕ್ಸ್ ಕೂಡುವ ಕಳೆಯುವ ಬೋರು ವಿಷಯ ಎಂದು ಹೆಸರು ಹೊತ್ತುಕೊಂಡಿದೆ. ಒಳಹೊಕ್ಕು ನೋಡಿದರೆ ಮೈ ಜುಮ್ಮೆನ್ನುತ್ತದೆ.

ಈ ಶಾಸ್ತ್ರದ ಪ್ರಾಣ ಇರುವುದು ಒಂದು ಚಿತ್ರದಲ್ಲಿ. ಮಕ್ಕಳು ಅದನ್ನು ಎಫ್‌ಬಿಡಿ ಅನ್ನುತ್ತಾರೆ, ಫ್ರೀ ಬಾಡಿ ಡಯಾಗ್ರಾಮ್. ಮಾಡುವುದು ಇಷ್ಟೆ: ಜಗತ್ತಿನಿಂದ ಒಂದು ವಸ್ತುವನ್ನು ಪೆನ್ಸಿಲ್ಲಿನಿಂದ ಕತ್ತರಿಸಿ ಹೊರಗೆ ತೆಗೆಯುವುದು. ತಲೆಯ ಮೇಲೆ ತಿರುಗದೆ ತೂಗುತ್ತಿರುವ ಫ್ಯಾನನ್ನೇ ತೆಗೆದುಕೊಳ್ಳಿ. ಚಾವಣಿ ಅಳಿಸಿ, ಗೋಡೆ ಅಳಿಸಿ, ಕೋಣೆ ಅಳಿಸಿ, ಭೂಮಿಯನ್ನೂ ಅಳಿಸಿ. ಖಾಲಿ ಹಾಳೆಯ ಮೇಲೆ ಫ್ಯಾನೊಂದೇ ಉಳಿಯಲಿ. ಈಗ ಅಳಿಸಿದ ಒಂದೊಂದರ ಜಾಗದಲ್ಲೂ ಅದು ಮಾಡುತ್ತಿದ್ದ ಕೆಲಸಕ್ಕೊಂದು ಬಾಣ ಹಾಕಿ. ಭೂಮಿಯ ಬದಲು ಕೆಳಮುಖದ ಬಾಣ, ಕೊಕ್ಕೆಯ ಬದಲು ಮೇಲ್ಮುಖದ ಬಾಣ. ಇಷ್ಟು ಮಾಡಿದ್ದೇ ತಡ, ಕಣ್ಣಿಗೆ ಎಂದೂ ಕಾಣದ ಬಲಗಳು ಕಾಗದದ ಮೇಲೆ ಎದ್ದು ನಿಲ್ಲುತ್ತವೆ! ಅಲ್ಲಾಡದೆ ಇರುವುದೆಂದರೆ ಏನೂ ನಡೆಯದೆ ಇರುವುದು ಎಂದುಕೊಂಡಿದ್ದೆವಲ್ಲ, ಅದು ಸುಳ್ಳು. ಮೇಜಿನ ಮೇಲಿನ ಲೋಟ, ಗೋಡೆಗೆ ಒರಗಿದ ಏಣಿ, ಬೇಲೂರಿನ ದೇಗುಲದ ಕಲ್ಲುತೊಲೆ, ಎಲ್ಲದರ ಒಳಗೂ ಎಳೆದಾಟ ನೂಕಾಟ ಎಡೆಬಿಡದೆ ನಡೆದಿದೆ. ಎರಡೂ ಕಡೆ ಸರಿಸಮವಾದ್ದರಿಂದ ನಮಗೆ ಗೊತ್ತಾಗುವುದಿಲ್ಲ, ಅಷ್ಟೆ.

ಆ ಸರಿಸಮಕ್ಕೆ ಬೇಕಾದದ್ದು ಮೂರೇ ಕರಾರು. ಅಡ್ಡ ಬಲಗಳೆಲ್ಲ ಕೂಡಿದರೆ ಸೊನ್ನೆ. ಉದ್ದ ಬಲಗಳೆಲ್ಲ ಕೂಡಿದರೆ ಸೊನ್ನೆ. ಯಾವ ಬಿಂದುವಿನ ಸುತ್ತ ನೋಡಿದರೂ ತಿರುಗಿಸುವ ಯತ್ನ, ಅಂದರೆ ಮೊಮೆಂಟ್, ಕೂಡಿದರೆ ಸೊನ್ನೆ. ಮುಗಿಯಿತು. ಕಾಗದದ ಮೇಲೆ ಬರೆಯಬಹುದಾದ ಸಮತಲದ ಲೆಕ್ಕಕ್ಕೆಲ್ಲ ಇವೇ ಮೂರು ಕೀಲಿಕೈ.

ಮೂರನ್ನೂ ಹಿಡಿದು ಏಣಿಯ ಬಳಿ ಹೋಗೋಣ. ಗೋಡೆ ನುಣುಪು, ಏಣಿ ಹಗುರ ಎಂದಿಟ್ಟುಕೊಳ್ಳಿ. ಮೇಲೆ ಹತ್ತುವವರು ಎಷ್ಟು ದೂರ ಹತ್ತಿದರೆ ಏಣಿಯ ಬುಡ ಜಾರುತ್ತದೆ? ಸಮೀಕರಣ ಬರೆದು ಕೊನೆಯ ಸಾಲಿಗೆ ಬಂದಾಗ ಕಣ್ಣುಜ್ಜಿಕೊಳ್ಳಬೇಕು: ಹತ್ತುವವರ ತೂಕ ಹೊಡೆದುಹೋಗಿರುತ್ತದೆ! 40 ಕಿಲೋದ ಹುಡುಗಿ ಹತ್ತಿದರೂ 90 ಕಿಲೋದ ಮಾವ ಹತ್ತಿದರೂ ಜಾರುವ ಜಾಗ ಒಂದೇ. ನಿರ್ಧರಿಸುವುದು ಏಣಿಯ ಓರೆ, ನೆಲದ ಘರ್ಷಣೆ ಮತ್ತು ಎಷ್ಟು ಭಾಗ ಹತ್ತಿದಿರಿ ಎಂಬುದು ಮಾತ್ರ. 4 ಮೀಟರ್ ಎತ್ತರಕ್ಕೆ ಬುಡ 1 ಮೀಟರ್ ಹೊರಗಿದ್ದರೆ ತುತ್ತತುದಿ ತಲುಪಲು ಘರ್ಷಣಾ ಗುಣಾಂಕ, ಅಂದರೆ ಕಪ್ಪುಹಲಗೆಯ ಆ ಮ್ಯೂ, 0.25 ಇದ್ದರೆ ಸಾಕು. ಅದೇ 4 ಮೀಟರ್ ಎತ್ತರಕ್ಕೆ ಇನ್ನೂ ಉದ್ದದ ಏಣಿಯನ್ನು ಬುಡ 4 ಮೀಟರ್ ಹೊರಗಿಟ್ಟು ಓರೆ ಮಾಡಿದಿರೋ, 1 ಬೇಕು. ಸಾಧಾರಣ ನೆಲದಲ್ಲಿ ಅಷ್ಟು ಸಿಗುವುದು ಕಷ್ಟ. ಏಣಿಯ ಕೆಳಮೆಟ್ಟಿಲಲ್ಲಿ ನಿಂತು ಕುಣಿದು ನೋಡಿ ಗಟ್ಟಿಯಾಗಿದೆ ಎಂದು ಮೇಲೆ ಹೋಗುವವರಿಗೂ ಇದೇ ಲೆಕ್ಕ ಎಚ್ಚರಿಕೆ ಕೊಡುತ್ತದೆ. ಪರೀಕ್ಷೆ ಆಗುವುದು ಮೇಲೆ, ಕೆಳಗಲ್ಲ.

ಮೊಮೆಂಟ್ ಅಂದ ಮೇಲೆ ಆರ್ಕಿಮಿಡೀಸ್ ಬಾರದೆ ಇರುತ್ತಾನೆಯೆ. ನಿಲ್ಲಲು ಒಂದು ಜಾಗ ಕೊಡಿ, ಭೂಮಿಯನ್ನೇ ಎತ್ತುತ್ತೇನೆ ಎಂದು ಆತ ಹೇಳಿದನೆಂಬ ಮಾತು ಎಲ್ಲರಿಗೂ ಗೊತ್ತು. ಗುಣಾಕಾರ ಮಾಡಿ ನೋಡಿದವರು ಎಷ್ಟು ಜನ? ಭೂಮಿಯ ರಾಶಿ ಸುಮಾರು 6ರ ಮುಂದೆ 24 ಸೊನ್ನೆ, ಅಷ್ಟು ಕಿಲೋ. ಆರ್ಕಿಮಿಡೀಸ್ 60 ಕಿಲೋ ಇದ್ದನೆನ್ನೋಣ. ಭೂಮಿಯಷ್ಟು ಭಾರವನ್ನು ಸನ್ನೆಗೋಲಿನಲ್ಲಿ ಬರೀ 1 ಸೆಂಟಿಮೀಟರ್ ಎತ್ತಲು ಆತ ತನ್ನ ತುದಿಯನ್ನು ಒತ್ತಿಕೊಂಡು ಸಾಗಬೇಕಾದ ದೂರ ಒಂದು ಲಕ್ಷ ಜ್ಯೋತಿರ್ವರ್ಷಕ್ಕೂ ತುಸು ಹೆಚ್ಚು. ನಮ್ಮ ಆಕಾಶಗಂಗೆಯ ಈ ಅಂಚಿನಿಂದ ಆ ಅಂಚಿಗೆ! ಸನ್ನೆಗೋಲು ಬಲವನ್ನು ಉಳಿಸಿಕೊಡುತ್ತದೆ, ದೂರವನ್ನು ಚುಕ್ತಾ ವಸೂಲಿ ಮಾಡುತ್ತದೆ. ಹಳ್ಳಿಯ ಬಾವಿಯ ಏತಕ್ಕೂ ಇದೇ ಕಾನೂನು.

ಬೀದಿಗೆ ಅಡ್ಡಲಾಗಿ ಹಬ್ಬದ ತೋರಣ ಕಟ್ಟುವಾಗ ಕೆಳಗೆ ನಿಂತವರು ಕೂಗುವುದುಂಟು: ‘ಇನ್ನೂ ಬಿಗಿ ಎಳೆಯೋ, ಜೋತು ಬಿದ್ದಿದೆ!’ ಕೂಗುವ ಮೊದಲು ಈ ಲೆಕ್ಕ ನೋಡಲಿ. ಹಗ್ಗದ ನಡುವೆ 10 ಕಿಲೋದ ದೀಪದ ಗೊಂಚಲು ತೂಗುತ್ತಿದೆ. ಹಗ್ಗ ಎರಡೂ ಬದಿಗೆ 30 ಡಿಗ್ರಿ ಓರೆಯಾಗಿ ಜೋತಿದ್ದರೆ ಅದರೊಳಗಿನ ಎಳೆತ ಸರಿಯಾಗಿ 10 ಕಿಲೋ ತೂಕದಷ್ಟು. ಬಿಗಿದು 5 ಡಿಗ್ರಿಗೆ ತಂದರೆ 57. ಮತ್ತೂ ಬಿಗಿದು 1 ಡಿಗ್ರಿಗೆ ತಂದರೆ 286! ಪೂರ್ತಿ ನೇರ ಮಾಡಬೇಕೆಂದರೆ? ಅನಂತ. ಜಗತ್ತಿನ ಯಾವ ಉಕ್ಕಿನ ಹಗ್ಗಕ್ಕೂ, ಯಾವ ಗಜಬಲಕ್ಕೂ ಆಗದ ಕೆಲಸ. ವಿದ್ಯುತ್ ಕಂಬಗಳ ನಡುವೆ ತಂತಿ ಜೋತಿರುವುದು ಲೈನ್‌ಮನ್ನಿನ ಸೋಮಾರಿತನದಿಂದಲ್ಲ. ಜೋತಿರುವುದರಿಂದಲೇ ಅದು ಬದುಕಿದೆ.

ಬಲಗಳನ್ನು ಹೀಗೆ ಓರೆಯಲ್ಲಿ ಕೂಡುವ ನಿಯಮಕ್ಕೊಂದು ಬೆರಗಿನ ಜಾತಕವಿದೆ. 1687ರಲ್ಲಿ ನ್ಯೂಟನ್ನನ ‘ಪ್ರಿನ್ಸಿಪಿಯಾ’ ಬಂತು, ಅದರಲ್ಲಿ ಈ ನಿಯಮವಿತ್ತು. ಅದೇ 1687ರಲ್ಲಿ ಫ್ರಾನ್ಸಿನ ಪಿಯರ್ ವಾರಿನ್ಯೋನ್ ಕೂಡ ಅದನ್ನೇ ಪ್ರಕಟಿಸಿದ. ಅದೇ 1687ರಲ್ಲಿ ಬರ್ನಾರ್ ಲಾಮಿ ಎಂಬ ಪಾದ್ರಿಯೂ! ಮೊದಲ ವರ್ಷದವರು ಪರೀಕ್ಷೆಯ ಹಿಂದಿನ ರಾತ್ರಿ ಉರುಹೊಡೆಯುವ ವ್ಯಾರಿಗ್ನನ್ ಪ್ರಮೇಯ, ಲಾಮಿ ಪ್ರಮೇಯ ಎರಡೂ ಈ ಇಬ್ಬರವೇ. ಅವರಿಬ್ಬರೂ ನ್ಯೂಟನ್ನನೂ ಒಂದೇ ವರ್ಷ ಒಂದೇ ಬಾಗಿಲು ತಟ್ಟಿದರು ಎಂಬುದನ್ನು ಯಾವ ನೋಟ್ಸೂ ಹೇಳುವುದಿಲ್ಲ.

ಆ ಬಾಗಿಲನ್ನು ಅವರಿಗಿಂತ ನೂರು ವರ್ಷ ಮುಂಚೆ ಅರ್ಧ ತೆರೆದಿಟ್ಟವನ ಹೆಸರು ಸೈಮನ್ ಸ್ಟೆವಿನ್. ಈಗಿನ ಬೆಲ್ಜಿಯಂನ ಬ್ರೂಜ್ ಊರಿನಲ್ಲಿ 1548ರಲ್ಲಿ ಹುಟ್ಟಿದವನು. ಈತನ ಮೇಲೆ ನನಗೆ ವಿಶೇಷ ಮಮತೆ. ವಿದ್ವಾಂಸರೆಲ್ಲ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಈತ ಜನ ಆಡುವ ಡಚ್ಚಿನಲ್ಲೇ ವಿಜ್ಞಾನ ಬರೆದ, ಬೇಕಾದ ಪದಗಳನ್ನು ತಾನೇ ಕಟ್ಟಿಕೊಂಡ. 1586ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ಈತನ ತೂಕಶಾಸ್ತ್ರದ ಪುಸ್ತಕದ ಮುಖಪುಟದಲ್ಲಿ ಒಂದು ಚಿತ್ರವಿದೆ.

ಚಿತ್ರದಲ್ಲಿ ಒಂದು ತ್ರಿಕೋನದ ದಿಬ್ಬ. ಎಡ ಇಳಿಜಾರು ಉದ್ದ, ಬಲ ಇಳಿಜಾರು ಅದರ ಅರ್ಧ. ದಿಬ್ಬದ ಮೇಲೆ ಹದಿನಾಲ್ಕು ಗುಂಡುಗಳ ಒಂದು ಸರ, ಹಾರದಂತೆ ಸುತ್ತ ಬಂದು ಕೂಡಿದ್ದು. ಗುಂಡುಗಳೆಲ್ಲ ಒಂದೇ ತೂಕ, ನಡುವಣ ಅಂತರ ಒಂದೇ. ಉದ್ದ ಇಳಿಜಾರಿನ ಮೇಲೆ ನಾಲ್ಕು, ಗಿಡ್ಡ ಇಳಿಜಾರಿನ ಮೇಲೆ ಎರಡು, ಉಳಿದ ಎಂಟು ಕೆಳಗೆ ಜೋತಿವೆ. ಪ್ರಶ್ನೆ ಇದು: ನಾಲ್ಕು ಗೆಲ್ಲುತ್ತವೋ, ಎರಡು ಗೆಲ್ಲುತ್ತವೋ?

ಸ್ಟೆವಿನ್ ಒಂದೂ ಪ್ರಯೋಗ ಮಾಡಲಿಲ್ಲ, ಒಂದೂ ಸಮೀಕರಣ ಬರೆಯಲಿಲ್ಲ. ಕೂತು ಯೋಚಿಸಿದ. ನಾಲ್ಕು ಗುಂಡು ಗೆದ್ದು ಕೆಳಗೆ ಜಾರಿದವು ಎನ್ನೋಣ. ಸರ ಒಂದು ಗುಂಡಿನಷ್ಟು ಸರಿಯಿತು. ಈಗ ನೋಡಿದರೆ? ಉದ್ದ ಇಳಿಜಾರಿನ ಮೇಲೆ ಮತ್ತೆ ನಾಲ್ಕು, ಗಿಡ್ಡದರ ಮೇಲೆ ಮತ್ತೆ ಎರಡು, ಕೆಳಗೆ ಮತ್ತೆ ಎಂಟು! ಮೊದಲು ಹೇಗಿತ್ತೋ ಹಾಗೇ. ಹಾಗಿದ್ದರೆ ಮತ್ತೆ ಜಾರಬೇಕು, ಮತ್ತೆ ಜಾರಬೇಕು, ಯಾರೂ ತಳ್ಳದೆ ಸರ ಯುಗಯುಗಾಂತರ ಸುತ್ತುತ್ತಲೇ ಇರಬೇಕು. ಅದು ಸಾಧ್ಯವಿಲ್ಲದ ಮಾತು. ಎರಡು ಗುಂಡು ಗೆದ್ದವೆಂದರೂ ಇದೇ ಫಜೀತಿ. ಆದ್ದರಿಂದ ಯಾರೂ ಗೆಲ್ಲುವುದಿಲ್ಲ, ಸರ ನಿಂತೇ ಇರುತ್ತದೆ. ಕೆಳಗಿನ ಎಂಟು ಗುಂಡು ಎಡಕ್ಕೂ ಬಲಕ್ಕೂ ಸಮನಾಗಿ ಎಳೆಯುತ್ತಿರುವುದರಿಂದ ಅವನ್ನು ಕತ್ತರಿಸಿ ಬಿಸಾಡಿದರೂ ವ್ಯತ್ಯಾಸವಿಲ್ಲ. ಉಳಿದದ್ದೇನು? ಉದ್ದ ಇಳಿಜಾರಿನ ನಾಲ್ಕು ಗುಂಡುಗಳನ್ನು ಗಿಡ್ಡ ಇಳಿಜಾರಿನ ಎರಡೇ ಗುಂಡುಗಳು ತಡೆದು ನಿಲ್ಲಿಸಿವೆ! ಇಳಿಜಾರು ಎಷ್ಟು ಪಟ್ಟು ಉದ್ದವೋ ಅಷ್ಟು ಪಟ್ಟು ತೂಕ ಹಗುರ. ಘಾಟಿ ರಸ್ತೆಯನ್ನು ಬಳಸಿ ಬಳಸಿ ಹತ್ತಿಸುವುದರ ಗುಟ್ಟು ಬಯಲು. ಇಳಿಜಾರಿನ ಲೆಕ್ಕದಲ್ಲಿ ನಾವು ಕಣ್ಣುಮುಚ್ಚಿ ಬರೆಯುವ ‘ಡಬ್ಲ್ಯೂ ಸೈನ್ ಥೀಟಾ’ ಹುಟ್ಟಿದ್ದು ಈ ಹಾರದಿಂದ. ಸ್ಟೆವಿನ್ ಆ ಚಿತ್ರದ ಜೊತೆಗೆ ಅಚ್ಚರಿಯಾದರೂ ಇದು ಅಚ್ಚರಿಯಲ್ಲ ಎಂಬರ್ಥದ ಮಾತೊಂದನ್ನು ಕೆತ್ತಿಸಿದ. ಮೊದಲ ಅರ್ಧವನ್ನು ಒಪ್ಪುತ್ತೇನೆ, ಎರಡನೆಯ ಅರ್ಧವನ್ನು ಒಪ್ಪಲು ನನಗೆ ಮನಸ್ಸು ಬರುತ್ತಿಲ್ಲ.

ಮತ್ತೆ ಘರ್ಷಣೆಗೆ ಬರೋಣ, ಯಾಕೆಂದರೆ ಅದರ ಅತಿ ದೊಡ್ಡ ಜಾದೂ ಇನ್ನೂ ಹೇಳಿಲ್ಲ. ಮಲ್ಪೆಯ ದಕ್ಕೆಯ ಮೇಲೆ ನಿಂತು ನೋಡಿ. ಟನ್ನುಗಟ್ಟಲೆ ತೂಗುವ ಬೋಟು ಅಲೆಯ ಹೊಡೆತಕ್ಕೆ ಹಗ್ಗವನ್ನು ಜಗ್ಗುತ್ತಿದೆ. ಅದನ್ನು ಹಿಡಿದಿರುವವನು ಒಬ್ಬನೇ ಮನುಷ್ಯ, ಅದೂ ಒಂದು ಕೈಯಲ್ಲಿ. ಹಗ್ಗವನ್ನು ಗೂಟಕ್ಕೆ ಒಂದೆರಡು ಸುತ್ತು ಹಾಕಿದ್ದಾನೆ, ಅಷ್ಟೆ. ಗಂಟಿಲ್ಲ, ಬೀಗವಿಲ್ಲ. ಈ ಲೆಕ್ಕಕ್ಕೆ ಹದಿನೆಂಟನೆಯ ಶತಮಾನದ ಮಹಾಗಣಿತಜ್ಞ ಆಯ್ಲರನ ಹೆಸರಿದೆ. ಹಗ್ಗ ಗೂಟವನ್ನು ಬಳಸುವ ಪ್ರತಿ ಚೂರು ತಿರುವಿನಲ್ಲೂ ಘರ್ಷಣೆ ಎಳೆತದಲ್ಲಿ ಒಂದು ಪಾಲನ್ನು ಕಿತ್ತುಕೊಳ್ಳುತ್ತದೆ. ಮುಂದಿನ ಚೂರು, ಉಳಿದದ್ದರಲ್ಲಿ ಅಷ್ಟೇ ಪಾಲು. ಚಕ್ರಬಡ್ಡಿ ಬೆಳೆಯುವಂತೆಯೇ ಇದೂ, ಹಿಡಿತ ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತ ಹೋಗುತ್ತದೆ. ಘರ್ಷಣಾ ಗುಣಾಂಕ 0.25 ಇದ್ದರೆ ಒಂದು ಸುತ್ತಿಗೆ ನಿಮ್ಮ ಬಲ ಸುಮಾರು 4.8 ಪಟ್ಟು. ಎರಡು ಸುತ್ತಿಗೆ 23 ಪಟ್ಟು. ಮೂರಕ್ಕೆ 111. ನಾಲ್ಕು ಸುತ್ತಿಗೆ 535! ಹತ್ತು ಕಿಲೋ ಎತ್ತುವಷ್ಟು ಬಲದಲ್ಲಿ ಐದು ಟನ್ನಿನ ಎಳೆತವನ್ನು ತಡೆದು ನಿಲ್ಲಬಹುದು. ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಈ ಲೆಕ್ಕವನ್ನು ಇನ್ನೊಮ್ಮೆ ನೋಡಿ, ಗೂಟದ ದಪ್ಪ ಅದರಲ್ಲಿ ಇಲ್ಲವೇ ಇಲ್ಲ. ತೋಳಿನ ಗಾತ್ರದ ಗೂಟವೂ ಆಲದ ಬೊಡ್ಡೆಯೂ ಒಂದೇ. ಎಷ್ಟು ತಿರುವು ಎಂಬುದೊಂದೇ ಪ್ರಶ್ನೆ.

ಘರ್ಷಣೆಯ ಇನ್ನೊಂದು ಲೀಲೆ ಕಣದಲ್ಲಿದೆ. ಒಕ್ಕಿದ ರಾಗಿಯನ್ನು ಮೇಲಿನಿಂದ ಸುರಿಯುತ್ತ ಹೋಗಿ. ಬೊಗಸೆ ರಾಗಿಯ ರಾಶಿಗೂ ಹತ್ತು ಮೂಟೆಯ ರಾಶಿಗೂ ಬದಿಯ ಇಳಿಜಾರು ಒಂದೇ ಕೋನ. ರಾಶಿ ದೊಡ್ಡದಾಗುತ್ತದೆ, ಕಡಿದಾಗುವುದಿಲ್ಲ.

ಘರ್ಷಣೆ ಇಲ್ಲಿಗೆ ಸಾಕು, ಇನ್ನು ಆಧಾರಗಳ ಮಾತು. ಗೆಲಿಲಿಯೊ ಹೇಳುವ ಒಂದು ಕಥೆಯನ್ನು ಪ್ರತಿ ಸಿವಿಲ್ ಇಂಜಿನಿಯರ್ ಮಲಗುವ ಮುಂಚೆ ಒಮ್ಮೆ ನೆನೆಯಬೇಕು. ಗೃಹಬಂಧನದಲ್ಲಿದ್ದ ಮುದುಕ ಗೆಲಿಲಿಯೊ ಬರೆದ ‘ಎರಡು ಹೊಸ ವಿಜ್ಞಾನಗಳು’ 1638ರಲ್ಲಿ ಅಚ್ಚಾದದ್ದೂ ಅದೇ ಲೈಡನ್ನಿನಲ್ಲಿ. ಅದರಲ್ಲಿ ಬರುತ್ತದೆ: ಅಮೃತಶಿಲೆಯ ದೊಡ್ಡ ಕಂಬವೊಂದನ್ನು ಎರಡು ತುದಿಗೆ ಎರಡು ಮರದ ದಿಮ್ಮಿ ಕೊಟ್ಟು ಮಲಗಿಸಿದ್ದರು. ಕುಶಲಕರ್ಮಿಯೊಬ್ಬನಿಗೆ ದಿಗಿಲು. ನಡುವೆ ಆಧಾರವಿಲ್ಲದೆ ತನ್ನ ಭಾರಕ್ಕೆ ತಾನೇ ಮುರಿದೀತು, ಮಧ್ಯೆ ಇನ್ನೊಂದು ದಿಮ್ಮಿ ಕೊಡಿ ಎಂದ. ಎಲ್ಲರಿಗೂ ಸರಿಕಂಡಿತು, ಕೊಟ್ಟರು. ಕೆಲವು ತಿಂಗಳ ಮೇಲೆ ಕಂಬ ಎರಡು ತುಂಡಾಗಿತ್ತು, ಸರಿಯಾಗಿ ಆ ನಡುವಿನ ದಿಮ್ಮಿಯ ಮೇಲೆ! ತುದಿಯ ಒಂದು ದಿಮ್ಮಿ ಕೊಳೆತು ಕುಸಿದಿತ್ತು. ನಡುವಿನದು ಗಟ್ಟಿಯಾಗಿಯೇ ಇತ್ತು. ಅರ್ಧ ಕಂಬ ಆಧಾರವಿಲ್ಲದೆ ಗಾಳಿಯಲ್ಲಿ ನಿಂತುಬಿಟ್ಟಿತು. ಎರಡೇ ದಿಮ್ಮಿ ಇದ್ದಿದ್ದರೆ ಒಂದು ಕುಸಿದಾಗ ಕಂಬವೂ ಅದರ ಜೊತೆಗೆ ಇಳಿದು ಸುಮ್ಮನೆ ಮಲಗಿರುತ್ತಿತ್ತು. ಕಾಪಾಡಲೆಂದು ಕೊಟ್ಟ ಆಸರೆಯೇ ಕೊಂದಿತು.

ಮೊದಲ ವರ್ಷದ ಮೇಷ್ಟ್ರು ‘ಸ್ಟ್ಯಾಟಿಕಲಿ ಡಿಟರ್ಮಿನೇಟ್’ ಎಂದು ಮುಖ ಗಂಟಿಕ್ಕಿಕೊಂಡು ಹೇಳುವುದು ಇದನ್ನೇ. ಎರಡು ಆಧಾರದ ಮೇಲೆ ಮಲಗಿದ ತೊಲೆಯಲ್ಲಿ ಯಾವ ಆಧಾರಕ್ಕೆ ಎಷ್ಟು ಭಾರ ಎಂಬುದನ್ನು ನಮ್ಮ ಮೂರು ಕರಾರುಗಳೇ ಹೇಳಿಬಿಡುತ್ತವೆ. ಮೂರನೆಯ ಆಧಾರ ಬಂದ ಕೂಡಲೆ ಅವು ಬಾಯಿ ಮುಚ್ಚಿಕೊಳ್ಳುತ್ತವೆ. ಆಮೇಲೆ ಭಾರದ ಹಂಚಿಕೆ ನಿಂತಿರುವುದು ತೊಲೆ ಎಷ್ಟು ಬಾಗುತ್ತದೆ, ಯಾವ ಆಧಾರ ಕೂದಲೆಳೆಯಷ್ಟು ಕುಸಿದಿದೆ ಎಂಬ ಸೂಕ್ಷ್ಮಗಳ ಮೇಲೆ. ಮೂರು ಕಾಲಿನ ಮಣೆ ಯಾವ ನೆಲದಲ್ಲೂ ಕುಂಟದು, ನಾಲ್ಕು ಕಾಲಿನ ಮೇಜಿಗೆ ಕಾಗದದ ಮಡಿಕೆ ಬೇಕು. ಹೋಟೆಲುಗಳಲ್ಲಿ ಕಾಫಿ ಚೆಲ್ಲಿಕೊಂಡವರಿಗೆಲ್ಲ ಈ ಅಧ್ಯಾಯ ಗೊತ್ತು.

ಇಷ್ಟೂ ವಿದ್ಯೆಯನ್ನು ಒಂದೇ ಸಲ ಮನುಷ್ಯರ ಮೈಮೇಲೆ ತೋರಿಸಿದ ದೃಶ್ಯವೊಂದಿದೆ. 1879ರ ಡಿಸೆಂಬರ್ 28ರ ರಾತ್ರಿ ಸ್ಕಾಟ್‌ಲೆಂಡಿನ ಟೇ ಸೇತುವೆ ಬಿರುಗಾಳಿಗೆ ಸಿಕ್ಕಿ ರೈಲಿನ ಸಮೇತ ನದಿಗೆ ಬಿತ್ತು. ಅದೇ ವಿನ್ಯಾಸಕಾರನಿಗೆ ವಹಿಸಿದ್ದ ಫೋರ್ತ್ ಸೇತುವೆಯ ಕೆಲಸ ಕೈತಪ್ಪಿ ಜಾನ್ ಫೌಲರ್ ಮತ್ತು ಬೆಂಜಮಿನ್ ಬೇಕರ್ ಪಾಲಾಯಿತು. ಬೆಚ್ಚಿದ್ದ ಜನ ನಂಬಬೇಕಲ್ಲ? 1887ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಬೇಕರ್ ಒಂದು ಚಿತ್ರ ತೋರಿಸಿದ. ಇಬ್ಬರು ಕುರ್ಚಿಯ ಮೇಲೆ ದೂರ ದೂರ ಕೂತು ಕೈಗಳನ್ನು ಎರಡೂ ಬದಿಗೆ ಚಾಚಿದ್ದಾರೆ. ಕೈಯಿಂದ ಕುರ್ಚಿಯ ಕಾಲಬುಡಕ್ಕೆ ಓರೆಯಾಗಿ ಕೋಲುಗಳು. ಹೊರಬದಿಯ ಕೈಗಳಿಗೆ ಇಟ್ಟಿಗೆಯ ರಾಶಿಯ ಲಂಗರು. ಒಳಬದಿಯ ಕೈಗಳ ನಡುವೆ ತೂಗುಹಲಗೆ, ಅದರ ಮೇಲೆ ಆರಾಮಾಗಿ ಕೂತವನು ಕಾಯಿಚಿ ವಾತಾನಬೆ ಎಂಬ ಜಪಾನಿನ ತರುಣ ಇಂಜಿನಿಯರ್. ತೋಳುಗಳಲ್ಲಿ ಎಳೆತ, ಕೋಲುಗಳಲ್ಲಿ ಒತ್ತಡ. ಫೋರ್ತ್ ಸೇತುವೆ ಎಂದರೆ ಅಷ್ಟೇ, ಇನ್ನೇನೂ ಅಲ್ಲ! 1890ರ ಮಾರ್ಚ್ 4ರಂದು ಅದು ಸಂಚಾರಕ್ಕೆ ತೆರೆಯಿತು. ಅದರ ಮುಖ್ಯ ಅಂಕಣದ ಉದ್ದ 521 ಮೀಟರ್, ಇವತ್ತೂ ಮೇಲೆ ರೈಲು ಓಡುತ್ತಿದೆ.

ನಮ್ಮ ಕನ್ನಂಬಾಡಿ ಕಟ್ಟೆಯನ್ನು ಬಿಟ್ಟು ಈ ಮಾತು ಮುಗಿಸಲಾರೆ. ಮಳೆಗಾಲ ಬಂತೆಂದರೆ ಪತ್ರಿಕೆಯ ಮುಖಪುಟದಲ್ಲಿ ಕೆಆರ್‌ಎಸ್ ಮಟ್ಟ ಇಂದು ಇಷ್ಟು ಅಡಿ ಎಂದು ನೋಡದವರು ಹಳೆ ಮೈಸೂರಿನಲ್ಲಿ ಇಲ್ಲ. ತುಂಬಿದರೆ 124.80 ಅಡಿ, ಅಂದರೆ ಸುಮಾರು 38 ಮೀಟರ್. ಅಷ್ಟು ಆಳದ ನೀರು ಕಟ್ಟೆಯ ಪ್ರತಿ ಒಂದು ಮೀಟರ್ ಉದ್ದವನ್ನು ತಳ್ಳುವ ಬಲ ಎಷ್ಟು? ಮೊದಲ ವರ್ಷದ ತ್ರಿಕೋನದ ಲೆಕ್ಕ: 38ರ ವರ್ಗದ ಅರ್ಧ, 722 ಟನ್ ತೂಕದಷ್ಟು! ಆ ಬಲವೆಲ್ಲ ಒಟ್ಟಾಗಿ ಒಂದೇ ಕಡೆ ಕೆಲಸ ಮಾಡಿದಂತೆ ಲೆಕ್ಕ ಹಿಡಿದರೆ ಅದು ಬೀಳುವ ಜಾಗ ಬುಡದಿಂದ ಮೂರನೆಯ ಒಂದು ಎತ್ತರದಲ್ಲಿ, ತ್ರಿಕೋನದ ಗುರುತ್ವಕೇಂದ್ರ ಎಲ್ಲಿದೆಯೋ ಅಲ್ಲೇ. ಮಟ್ಟ ಅರ್ಧಕ್ಕೆ ಇಳಿದರೆ ತಳ್ಳುವ ಬಲ ಕಾಲುಭಾಗವಾಗುತ್ತದೆ, ಕಟ್ಟೆಯನ್ನು ಉರುಳಿಸುವ ಮೊಮೆಂಟ್ ಎಂಟನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ಕೊನೆಯ ಕೆಲವು ಅಡಿಗಳಿಗೆ ಇಂಜಿನಿಯರುಗಳು ನಿದ್ದೆಗೆಡುವುದು ಇದಕ್ಕೆ.

ಇದಕ್ಕಿಂತ ಮಿಗಿಲಾದದ್ದು ಇನ್ನೊಂದಿದೆ. ಕಟ್ಟೆಯ ಹಿಂದೆ ಹಿನ್ನೀರು ಕಣ್ಣು ಹಾಯುವಷ್ಟು ದೂರ ಹರಡಿದೆಯಲ್ಲ, ಆ ದೂರಕ್ಕೂ ಕಟ್ಟೆಯ ಮೇಲಿನ ಒತ್ತಡಕ್ಕೂ ಸಂಬಂಧವೇ ಇಲ್ಲ! ಹಿನ್ನೀರನ್ನೆಲ್ಲ ತೆಗೆದು ಕಟ್ಟೆಗೆ ತಾಗಿ ಗೇಣಗಲದ ನೀರಿನ ಪರದೆಯನ್ನಷ್ಟೇ ಅದೇ 38 ಮೀಟರ್ ಎತ್ತರಕ್ಕೆ ನಿಲ್ಲಿಸಿದರೂ ಮೀಟರಿಗೆ ಅದೇ 722 ಟನ್. ಆಳ ಒಂದೇ ಲೆಕ್ಕಕ್ಕೆ ಬರುವುದು. ಇದನ್ನು ಕಂಡವನೂ ಯಾರು ಗೊತ್ತೆ? ಅದೇ ಸೈಮನ್ ಸ್ಟೆವಿನ್, ಅದೇ 1586ರಲ್ಲಿ!

ಕನ್ನಂಬಾಡಿಯ ಕೆಲಸ ಶುರುವಾದದ್ದು 1911ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ಚೀಫ್ ಇಂಜಿನಿಯರ್ ಆಗಿದ್ದಾಗ. ಕಲ್ಲು ಮತ್ತು ಸುರ್ಕಿ ಗಾರೆಯ ಕಟ್ಟಡ. ಇಂಥ ಕಟ್ಟೆ ನೀರನ್ನು ತಡೆಯುವುದು ತನ್ನ ಸ್ವಂತ ತೂಕದ ಬಲದಿಂದ. ನೀರು ಅಡ್ಡ ತಳ್ಳುತ್ತದೆ, ಕಲ್ಲು ಕೆಳಕ್ಕೆ ಒತ್ತುತ್ತದೆ, ಎರಡೂ ಕೂಡಿ ಓರೆಯಾದ ಒಂದು ಬಲವಾಗುತ್ತದೆ. ಆ ಓರೆ ಗೆರೆ ಬುಡದ ಅಗಲದಲ್ಲಿ ನಡುವಿನ ಮೂರನೆಯ ಒಂದು ಭಾಗದೊಳಗೇ ನೆಲ ಮುಟ್ಟಬೇಕು. ಹೊರಗೆ ಹೋದರೆ ನೀರಿನ ಬದಿಯ ಬುಡದಲ್ಲಿ ಕಲ್ಲು ಬಾಯಿಬಿಡಲು ನೋಡುತ್ತದೆ. ತ್ರಿಕೋನಾಕಾರದ ಕಟ್ಟೆ ಎಂದುಕೊಂಡು, ಅಡಿಯಿಂದ ಜಿನುಗುವ ನೀರಿನ ಒತ್ತಡ ಬಿಟ್ಟು ಲೆಕ್ಕ ಮಾಡಿದರೆ ಬುಡದ ಅಗಲ ಎತ್ತರದ ಸುಮಾರು ಮೂರನೆಯ ಎರಡು ಭಾಗ ಇರಬೇಕೆಂದು ಅರ್ಧ ಪುಟದಲ್ಲಿ ಬರುತ್ತದೆ. ಮಂಡ್ಯದ ಗದ್ದೆಗೆ ನೀರು, ಬೆಂಗಳೂರಿನ ನಲ್ಲಿಗೆ ಕಾವೇರಿ, ಎಲ್ಲ ಆ ಅರ್ಧ ಪುಟದ ಲೆಕ್ಕದ ಆಸರೆಯಲ್ಲಿವೆ.

ಈ ವರ್ಷ ಕಾಲೇಜಿಗೆ ಸೇರಿದ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ಲೆಕ್ಕ ಕಂಡ ಕೂಡಲೆ ಸೂತ್ರ ಹುಡುಕಲು ಹೋಗಬೇಡಿ. ಮೊದಲು ವಸ್ತುವನ್ನು ಕತ್ತರಿಸಿ ಹೊರಗೆ ತೆಗೆಯಿರಿ, ಬಾಣಗಳನ್ನು ಹಾಕಿ, ಒಂದು ನಿಮಿಷ ಸುಮ್ಮನೆ ಆ ಚಿತ್ರ ನೋಡಿ. ಉತ್ತರ ಅರ್ಧ ಅಲ್ಲೇ ಇರುತ್ತದೆ. ಇನ್ನು ಸೆಮಿಸ್ಟರ್ ಮುಗಿದದ್ದೇ ತಡ ಮೆಕ್ಯಾನಿಕ್ಸ್ ಪುಸ್ತಕವನ್ನು ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗೆ ಹಾಕುವ ಪದ್ಧತಿ ಇದೆಯಲ್ಲ, ಅದೊಂದನ್ನು ಮಾಡಬೇಡಿ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್, ಮಷೀನ್ ಡಿಸೈನ್, ಎಲ್ಲದರ ಮೊದಲ ಪುಟವೂ ಇದೇ ಪುಸ್ತಕದ ಕೊನೆಯ ಪುಟದಿಂದ ಶುರುವಾಗುತ್ತದೆ.